ಘಾಟು ಹತ್ತದ ಮೂಗು

ಕಟ್ಟಡಗಳಿಗೆ ಮೂಗು ಬಂದ ಮೇಲೆ ಮನುಷ್ಯರು ತಮ್ಮ ಮೂಗನ್ನು ನಂಬುವುದು ಬಿಟ್ಟರು. ಏನೋ ಸುಟ್ಟ ವಾಸನೆ ಬಂದರೆ ಹಿಂದೆಲ್ಲ ಮನೆಮಂದಿ ಎದ್ದು ಒಲೆ, ಸ್ವಿಚ್ಚು, ಇಸ್ತ್ರಿಪೆಟ್ಟಿಗೆ ಎಂದು ಹುಡುಕಾಡುತ್ತಿದ್ದರಂತೆ. ಈಗ ಚಾವಣಿಯ ಕಡೆ ಕತ್ತೆತ್ತಿ ನೋಡುತ್ತಾರೆ. ಅಲ್ಲಿ ಬಟ್ಟಲಿನಷ್ಟು ದೊಡ್ಡದೊಂದು ಬಿಳಿ ಗುಂಡು ಹಸಿರಾಗಿ ಮಿನುಗುತ್ತಿದ್ದರೆ, ಸುಟ್ಟ ವಾಸನೆ ತಮ್ಮ ಭ್ರಮೆ ಎಂದುಕೊಂಡು ಮತ್ತೆ ಕೆಲಸಕ್ಕೆ ಕೂರುತ್ತಾರೆ.

ಆ ಬಿಳಿ ಗುಂಡಿನ ಹೆಸರು ಅಗ್ನಿಘ್ರಾಣ. ಸರ್ಕಾರದವರನ್ನು ಬಿಟ್ಟರೆ ಇನ್ಯಾರೂ ಈ ಹೆಸರು ಹೇಳುವುದಿಲ್ಲ. ಊರಿಗೆಲ್ಲ ಅದು ‘ಮೂಗು’. ಯಾವುದೇ ವಸ್ತು ಹೊತ್ತಿಕೊಳ್ಳುವ ಮುಂಚೆ, ಕಾದು ಬಾಡುವಾಗಲೇ ಗಾಳಿಗೆ ಬಿಡುವ ಕಣಗಳನ್ನು ಅದು ಹಿಡಿಯುತ್ತದೆ. ಹೊಗೆ ಕಣ್ಣಿಗೆ ಕಾಣುವಷ್ಟರಲ್ಲಿ ಬಾಗಿಲು ತೆರೆದು, ಜನರನ್ನು ಹೊರಗೆ ಕರೆದು, ಆ ಮೂಲೆಯ ಕರೆಂಟು ಕತ್ತರಿಸಿ ಮುಗಿಸಿರುತ್ತದೆ. ಅದಕ್ಕೆ ಇನ್ನೊಂದು ಗುಣವಿದೆ, ಅದು ಕಲಿಯುತ್ತದೆ. ಒಗ್ಗರಣೆಯ ಹೊಗೆಗೆ ಅದು ಕೂಗಿಕೊಂಡಾಗ ನೀವು ‘ಬೆಂಕಿಯಲ್ಲ’ ಎಂಬ ಗುಂಡಿ ಒತ್ತಿದರೆ, ನಾಲ್ಕಾರು ಸಲದ ಮೇಲೆ ಒಗ್ಗರಣೆಗೆ ಕೂಗುವುದನ್ನು ಬಿಟ್ಟುಬಿಡುತ್ತದೆ. ಒಂದು ಕಟ್ಟಡದ ಒಂದು ಮೂಗು ಕಲಿತದ್ದನ್ನು ಉಳಿದ ಮೂಗುಗಳೂ ಕಲಿಯುತ್ತವೆ. ಹೇಳಿದ ಮಾತು ಇಷ್ಟು ಚೆನ್ನಾಗಿ ಕೇಳುವ ಮಕ್ಕಳು ಯಾರ ಮನೆಯಲ್ಲೂ ಇಲ್ಲ ಎಂದು ಜನರಿಗೆ ಅದರ ಮೇಲೆ ಬಹಳ ಅಭಿಮಾನ.

ನೀಲಗಂಗಾ ಹಾವನೂರಳಿಗೆ ಮಾತ್ರ ಈ ಅಭಿಮಾನ ಅಷ್ಟಾಗಿ ಇರಲಿಲ್ಲ. ಅವಳು ಬ್ಯಾಡಗಿಯಲ್ಲಿ ಬೆಂಕಿ ಮತ್ತು ಭದ್ರತಾ ವ್ಯವಸ್ಥೆಗಳ ಇಂಜಿನಿಯರು. ಈ ಕೆಲಸದ ತಮಾಷೆಯೆಂದರೆ ಅದರ ಹೆಸರಿನಲ್ಲಿಯೇ ಜಗಳವಿದೆ. ಭದ್ರತೆಯವರು ಬಾಗಿಲು ಮುಚ್ಚಿರಲಿ ಅನ್ನುತ್ತಾರೆ, ಬೆಂಕಿಯವರು ತೆರೆಯಲಿ ಅನ್ನುತ್ತಾರೆ, ಬಾಗಿಲು ಇರುವುದು ಒಂದೇ. ಬೇರೆ ಊರುಗಳಲ್ಲಿ ಈ ಜಗಳಕ್ಕೆ ಇಬ್ಬರು ಇಂಜಿನಿಯರುಗಳಿದ್ದರು. ಬ್ಯಾಡಗಿಯಲ್ಲಿ ಎರಡೂ ಕಡೆಯಿಂದ ನೀಲಗಂಗಾಳೇ ವಾದಿಸಿ, ನೀಲಗಂಗಾಳೇ ತೀರ್ಪು ಕೊಡಬೇಕಿತ್ತು.

ಸಾಹುಕಾರ ಚಂಬಣ್ಣನ ಶೀತಲಗೃಹದಲ್ಲಿ ಆ ಜಗಳ ಈಗ ತಾರಕಕ್ಕೇರಿತ್ತು. ಬಿಸಿಲು ವರ್ಷದಿಂದ ವರ್ಷಕ್ಕೆ ಏರಿ ಬ್ಯಾಡಗಿ ಮೆಣಸಿನಕಾಯಿ ಕೆಲವೇ ಹೊಲಗಳಲ್ಲಿ ಉಳಿದಿದ್ದ ಕಾಲವದು. ಅದರ ಕೆಂಪು ಬಣ್ಣಕ್ಕೆ ಔಷಧದವರು, ತುಟಿಗೆ ಹಚ್ಚುವ ಬಣ್ಣದವರು ಕಚ್ಚಾಡುತ್ತಿದ್ದರು. ಹೀಗಾಗಿ ಮೆಣಸಿನಕಾಯಿ ಗೋದಾಮಿಗೆ ಬಂಗಾರದಂಗಡಿಯ ಕಾವಲು ಬಂದಿತ್ತು. ಒಳಗೆ ದೊಡ್ಡ ಹಾಲಿನಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕೂತು ತೊಟ್ಟು ಮುರಿಯುತ್ತಿದ್ದರು. ಹಾಲಿನ ಬಾಗಿಲಿಗೆ ಹಿಡಿಕೆಯೇ ಇರಲಿಲ್ಲ. ಪಾಳಿ ಮುಗಿದಾಗ ಕಾವಲಿನವರು ತೆರೆಯಬೇಕು, ಬೆಂಕಿ ಬಂದರೆ ಮೂಗು ತೆರೆಯಬೇಕು. ಮೂರನೆಯ ದಾರಿ ಗೋಡೆಯ ಮೇಲಿನ ಕೆಂಪು ಡಬ್ಬಿ. ಅದರ ಗಾಜು ಒಡೆದರೆ ಬಾಗಿಲನ್ನು ಹಿಡಿದಿಟ್ಟ ಅಯಸ್ಕಾಂತದ ಕರೆಂಟು ಕಡಿದು ಬಾಗಿಲು ತಾನಾಗಿ ಬಿಟ್ಟುಕೊಳ್ಳುತ್ತಿತ್ತು. ಹೋದ ತಿಂಗಳು ಯಾರೋ ಆ ಗಾಜು ಒಡೆದರು. ಬಾಗಿಲು ತೆರೆದ ಗಡಿಬಿಡಿಯಲ್ಲಿ ಒಂದು ಚೀಲ ಮೆಣಸಿನಕಾಯಿ ಕಾಣೆಯಾಯಿತು ಎಂದು ಚಂಬಣ್ಣ ಊರೆಲ್ಲ ಹೇಳಿಕೊಂಡು ತಿರುಗಿದ. ನೀಲಗಂಗಾ ಡಬ್ಬಿಗೆ ಹೊಸ ಗಾಜು ಹಾಕಿ ಬಂದಳು.

ಅದೇ ಹೊತ್ತಿಗೆ ಹೊಸ ನಿಯಮ ಬಂತು. ಮೂಗು ಬಹುಕಾಲ ತಪ್ಪಿಲ್ಲದೆ ದುಡಿದ ಕಟ್ಟಡಗಳಲ್ಲಿ ಕೆಂಪು ಡಬ್ಬಿಗಳನ್ನು ಕಿತ್ತುಹಾಕಬಹುದು. ಅದಕ್ಕೆ ಆ ಕಟ್ಟಡದ ಇಂಜಿನಿಯರು ಕಂಟ್ರೋಲ್ ರೂಮಿನ ಗಾಜಿನ ಫಲಕದ ಮೇಲೆ ತನ್ನ ಅಂಗೈ ಇಟ್ಟು ಒಪ್ಪಿಗೆ ಕೊಡಬೇಕು.

“ತಂಗೀ, ಕೈ ಇಡವಾ, ಮುಗದು ಹೋಗ್ಲಿ,” ಎಂದ ಚಂಬಣ್ಣ. ಕಂಟ್ರೋಲ್ ರೂಮಿನ ಒಂದೇ ಒಂದು ಮೆತ್ತನೆಯ ಕುರ್ಚಿಯಲ್ಲಿ ಅವನೇ ಕೂತಿದ್ದ.

ಪಕ್ಕದಲ್ಲಿ ನಿಂತಿದ್ದವನು ಮೂಗಿನ ಕಂಪನಿಯ ಕೌಸ್ತುಭ. ಪುಣೆಯವನು, ಧಾರವಾಡದಲ್ಲಿ ಓದುವಾಗ ಕನ್ನಡ ಕಲಿತವನು, ಪುಸ್ತಕದ ಕನ್ನಡ ಬಿಟ್ಟು ಬೇರೆ ಮಾತನಾಡಲು ಬಾರದವನು.

“ಈ ಕಟ್ಟಡದ ಮೂಗು ಒಮ್ಮೆಯೂ ತಪ್ಪಿಲ್ಲ, ಮೇಡಂ. ಎರಡು ಮೋಟಾರುಗಳನ್ನು ಹೊತ್ತಿಕೊಳ್ಳುವ ಮೊದಲೇ ಹಿಡಿದಿದೆ. ಇನ್ನು ಆ ಡಬ್ಬಿ ಏಕೆ?”

“ಇರ್ಲಿ ಬಿಡ್ರಿ. ಅದೇನ್ ಅನ್ನ ಕೇಳ್ತೈತೇನು?” ಎಂದಳು ನೀಲಗಂಗಾ.

ಕೌಸ್ತುಭ ನಗಲಿಲ್ಲ. “ನನ್ನ ತಂದೆ ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಕೆಂಪು ಡಬ್ಬಿ ಇತ್ತು. ಅದರ ಮುಂದೆ ಯಾರೋ ರಟ್ಟಿನ ಪೆಟ್ಟಿಗೆಗಳನ್ನು ಒಟ್ಟಿದ್ದರು. ಹೊಗೆಯಲ್ಲಿ ಅವರ ಕೈಗೆ ಅದು ಸಿಗಲೇ ಇಲ್ಲ. ನಾನು ಈ ಮೂಗನ್ನು ಕಟ್ಟಿದ್ದು ಆಮೇಲೆ. ಮನುಷ್ಯ ಹುಡುಕಾಡಿ ಸಾಯುವುದು ಬೇಡ ಎಂದು.”

ಅವನ ಮಾತು ಸುಳ್ಳಾಗಿರಲಿಲ್ಲ, ಅವನ ಮೂಗು ಎಷ್ಟೋ ಜನರನ್ನು ಉಳಿಸಿದ್ದೂ ಸುಳ್ಳಲ್ಲ. ಆದರೂ ಅಂಗೈ ಮೇಲೇಳಲೊಲ್ಲದು.

“ಒಳಗಿನ ಮೂಗುಗಳಿಗೆ ಧೂಳ ಮೆತ್ತೇತಿ ಸಾವ್ಕಾರ್ರ. ಒಂದು ಬಿಚ್ಚಿಕೊಂಡು ಹೋಗಿ ನೋಡ್ತೀನಿ. ನೋಡದ ಕೈ ಇಡೂದು ನನಗ ರೂಢಿ ಇಲ್ಲ,” ಎಂದು ಹೇಳಿ ಏಣಿ ಹತ್ತಿದಳು.

ಸಂಜೆ ಮನೆಗೆ ಬಂದಾಗ ಮಗಳು ಇಂಚರಾ ಮುಖ ಸಪ್ಪಗೆ ಮಾಡಿಕೊಂಡು ಅಜ್ಜಿಯ ತೊಡೆಯ ಮೇಲೆ ಬಿದ್ದಿದ್ದಳು. ಹಿಂದಿನ ದಿನ ಮದುವೆಮನೆಯಲ್ಲಿ ಎಲ್ಲರೂ ಕೂಸಿನ ಗಲ್ಲ ಹಿಂಡಿ ಹಿಂಡಿ ಮುದ್ದು ಮಾಡಿದ್ದರು. ಇವತ್ತು ತುತ್ತು ಒಳಗಿಳಿಯುತ್ತಿಲ್ಲ. ನೀಲಗಂಗಾಳ ಗಂಡ ದೂರದ ಊರುಗಳಿಗೆ ಲಾರಿ ಓಡಿಸುವವನು, ವಾರಕ್ಕೊಮ್ಮೆ ಮನೆ ಕಾಣುತ್ತಿದ್ದ. ಹೀಗಾಗಿ ಮನೆಯ ಆಡಳಿತವೆಲ್ಲ ಅತ್ತೆ ಕಲ್ಲವ್ವನದು. ಕೂಸಿಗೆ ಏನಾಗಿದೆ ಎಂದು ಕಲ್ಲವ್ವ ಆಗಲೇ ತೀರ್ಮಾನ ಕೊಟ್ಟಾಗಿತ್ತು.

“ದೃಷ್ಟಿ ಆಗೇತಿ. ಅಷ್ಟು ಮಂದಿ ಕಣ್ಣು ಬಿದ್ದ ಮ್ಯಾಲ ಆಗದ ಏನಾದೀತು? ಶೇಗಡಿ ಹೊತ್ತಿಸೀನಿ, ತಡಿ.”

ನೀಲಗಂಗಾ ಬಿಚ್ಚಿ ತಂದ ಮೂಗನ್ನು ಪಡಸಾಲೆಯ ಮೇಜಿನ ಮೇಲಿಟ್ಟು, ಬ್ಯಾಟರಿಗೆ ಜೋಡಿಸಿ, ಮೆತ್ತನೆಯ ಬ್ರಶ್ಶಿನಿಂದ ಕೆಂಪು ಧೂಳು ಒರೆಸುತ್ತಿದ್ದಳು. ಅದು ಹಸಿರಾಗಿ ಮಿನುಗತೊಡಗಿತು. ಕಲ್ಲವ್ವ ಕೆಂಡದ ಶೇಗಡಿಯನ್ನು ಇಕ್ಕಳದಲ್ಲಿ ಹಿಡಿದು ತಂದು ನಡುವೆ ಇಟ್ಟಳು. ಒಣಮೆಣಸಿನಕಾಯಿ, ಉಪ್ಪು, ಸಾಸಿವೆಯನ್ನು ಮುಷ್ಟಿಯಲ್ಲಿ ಹಿಡಿದು ಕೂಸಿನ ಮುಖದ ಮುಂದೆ ಸುತ್ತಿಸಿದಳು.

“ಹೋದವ್ರ ಕಣ್ಣು, ಬಂದವ್ರ ಕಣ್ಣು, ಉಂಡು ಎದ್ದವ್ರ ಕಣ್ಣು, ಎಲ್ಲಾ ಸುಟ್ಟು ಬೂದಿ ಆಗ್ಲಿ,” ಎಂದು ಮುಷ್ಟಿಯನ್ನು ಕೆಂಡದ ಮೇಲೆ ಬಿಚ್ಚಿದಳು.

ಸಾಸಿವೆ ಚಟಪಟ ಸಿಡಿಯಿತು. ಮರುಕ್ಷಣ ಘಾಟು ಎದ್ದಿತು. ಕೂಸು ಸೀನಿತು, ನೀಲಗಂಗಾ ಸೆರಗು ಬಾಯಿಗಿಟ್ಟುಕೊಂಡು ಕೆಮ್ಮಿದಳು, ಕಲ್ಲವ್ವನ ಕಣ್ಣಲ್ಲಿ ನೀರು ಬಂತು. ಘಾಟು ಎದ್ದರೆ ದೃಷ್ಟಿಯಾಗಿಲ್ಲ, ಏಳದಿದ್ದರೆ ಆಗಿದೆ ಎಂದು ಲೆಕ್ಕ. ಕೂಸಿಗೆ ಏನೂ ಆಗಿರಲಿಲ್ಲ.

“ಸುಮ್ನ ಮೈ ಸುಸ್ತು ಅನ್ನು,” ಎಂದು ಕಣ್ಣೊರೆಸಿಕೊಳ್ಳುತ್ತ ಕಲ್ಲವ್ವ ಮೇಜಿನ ಕಡೆ ಕೈ ತೋರಿಸಿದಳು. “ನೀಲಾ, ನಿನ್ನ ಆ ಮೂಗು ನೋಡಿಲ್ಲೆ! ನಾವೆಲ್ಲ ಕೆಮ್ಮಿ ಸಾಯಾಕತ್ತೇವಿ, ಅದಕ್ಕ ಘಾಟ ಹತ್ತವಲ್ದು. ದೃಷ್ಟಿ ಅದಕ್ಕ ಆಗೇತಿ.”

ನೀಲಗಂಗಾ ತಿರುಗಿ ನೋಡಿದಳು. ಮೂಗು ಹಸಿರಾಗಿ ಮಿನುಗುತ್ತಿತ್ತು.

ಒಂದು ಹಾಳೆ ಹರಿದು ಕೆಂಡದ ಮೇಲೆ ಹಾಕಿದಳು. ಮೂಗು ಕೆಂಪಾಗಿ ಕಿರುಚಿತು, ಕೂಸು ಬೆಚ್ಚಿಬಿದ್ದಿತು. ಹಳೆಯ ಬಟ್ಟೆಯ ಚೂರಿಗೂ, ವಯರಿನ ತುಂಡಿಗೂ ಹಾಗೆಯೇ ಕಿರುಚಿತು. ಮತ್ತೆ ಮೆಣಸಿನಕಾಯಿ ಹಾಕಿದಳು. ಹಸಿರು. ಗೋದಾಮಿನಿಂದ ಬಂದ ಗೋಣಿಚೀಲದ ಚೂರೊಂದು ಹಿತ್ತಲಲ್ಲಿ ಬಿದ್ದಿತ್ತು, ಅದನ್ನೂ ಹಾಕಿದಳು. ಗೋಣಿ ಧಗ್ಗನೆ ಹೊತ್ತಿಕೊಂಡಿತು. ಮೂಗು ಹಸಿರಾಗಿಯೇ ಇತ್ತು.

ಅವಳು ಇಕ್ಕಳದಿಂದ ಉರಿಯನ್ನು ತಟ್ಟಿ ಆರಿಸಿದಳು. ಚಂಬಣ್ಣನ ಗೋದಾಮಿನಲ್ಲಿ ಪ್ರತಿ ಅಮಾವಾಸ್ಯೆಗೆ ದೃಷ್ಟಿ ತೆಗೆಯುತ್ತಿದ್ದರು. ಹರಿದ ಗೋಣಿಯ ಮೇಲೆ ಇದ್ದಿಲಿಟ್ಟು ಕೆಂಡ ಮಾಡಿ, ಬಾಗಿಲ ಮುಂದೆ ಬೊಗಸೆ ಮೆಣಸಿನಕಾಯಿ ಸುಡುತ್ತಿದ್ದರು. ಮೂಗು ಕೂಗುತ್ತಿತ್ತು, ಒಳಗಿನಿಂದ ಯಾರೋ ನಗುತ್ತ ‘ಬೆಂಕಿಯಲ್ಲ’ ಗುಂಡಿ ಒತ್ತುತ್ತಿದ್ದರು. ಎಲ್ಲರೂ ತೆಂಗಿನಕಾಯಿ ಚೂರು ತಿಂದು ಮನೆಗೆ ಹೋಗುತ್ತಿದ್ದರು. ಹೇಳಿದ ಮಾತು ಕೇಳುವ ಮೂಗು ಒಂದೊಂದೇ ಅಮಾವಾಸ್ಯೆಗೆ ಚೆನ್ನಾಗಿ ಪಾಠ ಕಲಿತಿತ್ತು. ಮೆಣಸಿನಕಾಯಿ ಸುಟ್ಟರೆ ಬೆಂಕಿಯಲ್ಲ, ಗೋಣಿ ಸುಟ್ಟರೆ ಬೆಂಕಿಯಲ್ಲ. ಆ ಗೋದಾಮಿನಲ್ಲಿ ಇದ್ದದ್ದೇ ಅವೆರಡು.

ಮರುದಿನ ಕಂಟ್ರೋಲ್ ರೂಮಿನಲ್ಲಿ ಅವಳು ಹೇಳಿದ್ದನ್ನು ಕೌಸ್ತುಭ ನಂಬಲಿಲ್ಲ. ಆಮೇಲೆ ತಾನೇ ಮೆಣಸಿನಕಾಯಿ ಸುಟ್ಟು ನೋಡಿದ. ಬಹಳ ಹೊತ್ತು ಪರದೆಯ ಮುಂದೆ ಕೂತು, ಕೊನೆಗೆ ತಲೆಯೆತ್ತಿದ.

“ಮರೆಸಬಹುದು. ಆದರೆ ಒಂದನ್ನೇ ಹೆಕ್ಕಿ ಮರೆಸಲು ಬರುವುದಿಲ್ಲ. ಎಲ್ಲವನ್ನೂ ಮರೆಸಿ ಮೊದಲಿನಿಂದ ಕಲಿಸಬೇಕು. ಅಲ್ಲಿಯವರೆಗೆ ಧೂಳಿಗೂ ಕೂಗುತ್ತದೆ, ಬೀಡಿಗೂ ಕೂಗುತ್ತದೆ. ಕೂಗಿದಾಗಲೆಲ್ಲ ಬಾಗಿಲು ತೆರೆಯುತ್ತದೆ.”

“ಸೀಜನ್ನಿನ್ಯಾಗ?” ಚಂಬಣ್ಣ ಎದ್ದೇ ನಿಂತ. “ಬಾಗ್ಲ ತೆರಕೊಂಡು ಕುಂದ್ರಾಕ ನಾ ಏನ್ ಛತ್ರ ಇಟ್ಟೀನೇನು? ಸೀಜನ್ ಮುಗೀಲಿ, ಆಮ್ಯಾಲ ನೋಡೂಣು.”

“ಮುಗೀಲ್ರಿ. ಅಲ್ಲೀತನಾ ಕೆಂಪು ಡಬ್ಬಿ ಇರ್ಲಿ,” ಎಂದಳು ನೀಲಗಂಗಾ.

“ಅಮಾಸಿ ದಿನ ಇಲಾಖೆ ಸಾಹೇಬ್ರನ್ನ ಕರಸೇನಿ. ಅವತ್ತ ಡಬ್ಬಿ ಕಿತ್ತೂದು, ನೀ ಕೈ ಇಡೂದು. ಇಲ್ಲೀತನಾ ನನ್ನ ಗೋದಾಮಿಗೆ ಬೆಂಕಿ ಹತ್ತೇತೇನು? ವರ್ಷಾನುಗಟ್ಟಲೆ ಅಮಾಸಿ ಬಿಡದ ದೃಷ್ಟಿ ತಗದೀನಿ, ಹತ್ತಂಗಿಲ್ಲ. ದೃಷ್ಟಿ ತಗಿಯೂದು ಬಿಡು ಅಂತ ಹೇಳಾಕ ಬಂದೀ ಏನ್ ಮತ್ತ?”

“ದೃಷ್ಟಿ ತಗೀರಿ ಸಾವ್ಕಾರ್ರ, ನಮ್ಮ ಮನ್ಯಾಗೂ ತಗೀತಾರ. ಬೆಂಕಿ ಹಚ್ಚಿ ಬೆಂಕಿಯಲ್ಲ ಅಂತ ಗುಂಡಿ ಒತ್ತಬ್ಯಾಡ್ರಿ, ಅಷ್ಟ ನಾ ಹೇಳೂದು. ರಾಶಿ ಹಸಿ ಇದ್ರ ಒಳಗಿಂದೊಳಗ ಕಾದು ಕೆಂಡ ಆಗ್ತೈತಿ. ಉರಿ ಮ್ಯಾಲ ಬರೂ ಮುಂದ ಘಾಟು ಬರ್ತೈತಿ. ಬಾಗ್ಲ ಮುಚ್ಚಿದ ಹಾಲಿನ್ಯಾಗ ಆ ಘಾಟಿಗೆ ಯಾರ ಉಸಿರೂ ನಿಲ್ಲಂಗಿಲ್ಲ. ನಿಮ್ಮ ಮೂಗು ಅದನ್ನ ಕಂಡು ಪೂಜಿ ನಡದೈತಿ ಅಂತ ಸುಮ್ನ ಕುಂದರ್ತೈತಿ.”

ಚಂಬಣ್ಣನ ದನಿ ಇಳಿಯಿತು. ಅವನ ದನಿ ಇಳಿದರೆ ಕೂಗಾಟಕ್ಕಿಂತ ಕೆಟ್ಟದ್ದು ಬರುತ್ತದೆ ಎಂದು ಬ್ಯಾಡಗಿಯವರಿಗೆಲ್ಲ ಗೊತ್ತು. “ತಂಗೀ, ಕೈ ಇಡಾಕ ನಿನ್ನ ಕೈನೇ ಆಗ್ಬೇಕಂತಿಲ್ಲ. ನಿಮ್ಮ ಆಫೀಸಿಗೆ ಫೋನ್ ಮಾಡೀನಿ. ಅಮಾಸಿ ದಿನ ನೀ ಕೈ ಇಟ್ರ ಇಟ್ಟಿ, ಇಲ್ಲಂದ್ರ ಮರದಿನ ಬ್ಯಾರೆ ಕೈ ಬರ್ತೈತಿ. ನಿನ್ನ ಕೈಗೆ ಆಮ್ಯಾಲ ಈ ಊರಾಗ ಕೆಲಸ ಸಿಗಂಗಿಲ್ಲ.”

ಕೌಸ್ತುಭ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ. ಅವನಿಂದ ಬೇರೇನನ್ನೋ ನಿರೀಕ್ಷಿಸಿದ್ದ ನೀಲಗಂಗಾಳಿಗೆ ಚಂಬಣ್ಣನಿಗಿಂತ ಅವನ ಮೇಲೆಯೇ ಹೆಚ್ಚು ಸಿಟ್ಟು ಬಂತು.

ಪಕ್ಕದ ಮನೆಯ ಜೈತುನಬಿ ಚಂಬಣ್ಣನ ಹಾಲಿನಲ್ಲಿ ತೊಟ್ಟು ಮುರಿಯುವವರಿಗೆಲ್ಲ ಮುಂದಾಳು. ಇಂಚರಾ ಹುಟ್ಟಿದಾಗ ಮೊದಲು ನೀರು ಹಾಕಿದವಳೂ ಅವಳೇ. ಸಂಜೆ ಅವಳು ಕಟ್ಟೆಯ ಮೇಲೆ ಕಲ್ಲವ್ವನ ಜೊತೆ ಕೂತು ಕಾಲು ಒತ್ತಿಕೊಳ್ಳುತ್ತಿದ್ದಾಗ ನೀಲಗಂಗಾ ಎಲ್ಲವನ್ನೂ ಹೇಳಿದಳು. ಹೇಳುವುದಕ್ಕೆ ಮೊದಲು ಅಳಬಾರದೆಂದುಕೊಂಡಿದ್ದಳು, ಆದರೆ ಸಿಟ್ಟಿಗೆ ಕಣ್ಣೀರು ಬಂದೇ ಬಂತು.

ಜೈತುನಬಿ ಕಾಲು ಒತ್ತಿಕೊಳ್ಳುವುದನ್ನು ನಿಲ್ಲಿಸಿದಳು. ಆಮೇಲೆ ಅಂದಳು, “ಆ ಗಾಜು ಒಡದಾಕಿ ನಾನ ನೀಲವ್ವ.”

“ನೀನಾ? ಯಾಕ ಜೈತುನಕ್ಕ?”

“ಚೀಲ ಒಂದು ಹರದು ಪುಡಿ ಹಾರ್ತು. ನಮ್ಮ ಸಾಲಿನ್ಯಾಗ ಬಸುರಿ ಹೆಣ್ಮಗಳು ಒಬ್ಬಾಕಿ, ಉಸುರು ಸಿಗದ ಬಿದ್ಲು. ತುಟಿ ನೀಲಿ ಆಗಿತ್ತು. ಬಾಗ್ಲ ಬಡದೆ, ಕಾವಲಿನವ್ರು ಪಾಳಿ ಮುಗೀಲಿ ಅಂದ್ರು. ಮೂಗಿನ ಕಡೆ ನೋಡಿದ್ರ ಹಸರ ಐತಿ. ಬಳಿ ಕೈಲೇ ಗಾಜು ಒಡದೆ. ಚೀಲಾ ನಾವ್ಯಾರೂ ಒಯ್ದಿಲ್ಲ. ಸೀರಿ ಸೆರಗೂ ಬಿಚ್ಚಿ ತಪಾಸ ಮಾಡ್ತಾರ, ಚೀಲಾ ಎಲ್ಲಿ ಇಟಗೊಂಡು ಹೋಗೂದು?” ಜೈತುನಬಿ ಎಡಗೈ ಮೇಲೆ ಮಾಡಿದಳು. ಮಣಿಕಟ್ಟಿನ ಮೇಲೆ ಗೀರಿದ ಗುರುತು ಇನ್ನೂ ಕೆಂಪಗಿತ್ತು. “ಆಕಿ ಉಳದ್ಲು. ಆ ಡಬ್ಬಿ ಇರದಿದ್ರ ಉಳೀತಿರಲಿಲ್ಲ.”

ಕಲ್ಲವ್ವನೂ ಒಂದು ಕಾಲದಲ್ಲಿ ಅದೇ ಹಾಲಿನಲ್ಲಿ ಕೂತು ತೊಟ್ಟು ಮುರಿದವಳು. ಸೊಸೆಯ ಕಡೆ ನೋಡದೆ, ಮೊರದಲ್ಲಿದ್ದ ಅಕ್ಕಿಯನ್ನು ಹಸನು ಮಾಡುತ್ತಲೇ ಹೇಳಿದಳು: “ಕೆಲಸ ಹೋದ್ರ ಒಂದು ಹೊತ್ತು ಕಮ್ಮಿ ಉಂಡೇವು. ನೀ ಕೈ ಇಟ್ಟು ಬಂದ್ರ ಆ ಕೈಲೆ ಬಡಿಸಿದ ಅನ್ನ ನಾ ಉಣ್ಣಂಗಿಲ್ಲ ನೋಡು.”

ನೀಲಗಂಗಾಳಿಗೆ ಅಳು ನಿಂತು ನಗು ಬಂತು. “ಅತ್ತೀ, ನಿಮ್ಮ ಶೇಗಡಿ ಕೊಡ್ರಿ. ಅಮಾಸಿಗೆ ಬೇಕಾಗೇತಿ.”

ಅಮಾವಾಸ್ಯೆಯ ಬೆಳಿಗ್ಗೆ ಗೋದಾಮಿನ ಗೇಟಿಗೆ ಮಾವಿನ ತೋರಣ ಬಿದ್ದಿತ್ತು. ಅಗ್ನಿಶಾಮಕ ಇಲಾಖೆಯ ಅಧಿಕಾರಿ ಬಿಳಿ ಶರ್ಟಿನಲ್ಲಿ ಬಂದಿಳಿದರು. ಕೆಂಪು ಡಬ್ಬಿಗಳನ್ನು ಆಗಲೇ ಎಲ್ಲ ಗೋಡೆಗಳಿಂದ ಬಿಚ್ಚಿಡಲಾಗಿತ್ತು. ತೊಟ್ಟು ಮುರಿಯುವ ಹಾಲಿನಲ್ಲಿ ಮಾತ್ರ ಒಂದನ್ನು ಉಳಿಸಿದ್ದರು, ಅಧಿಕಾರಿಯ ಕೈಯಿಂದ ಬಿಚ್ಚಿಸಿ ಫೋಟೋ ತೆಗೆಸುವುದಕ್ಕೆ.

“ಕೈ ಇಡೂಕಿಂತ ಮೊದ್ಲ ಒಂದು ಪರೀಕ್ಷಾ ಮಾಡ್ಬೇಕ್ರಿ,” ಎಂದಳು ನೀಲಗಂಗಾ ಅಧಿಕಾರಿಗೆ. “ಬಾಗ್ಲ ಮುಚ್ಚಿ, ಒಪ್ಪಿಗಿ ಕೇಳಾವ್ರು ಒಳಗ ನಿಂತು, ಮೂಗು ಬಾಗ್ಲ ತಗೀತೈತೋ ಇಲ್ಲೋ ನೋಡೂದು. ಇಂಜಿನಿಯರ್ ಕೇಳಿದ್ರ ಕೊಡ್ಬೇಕಂತ ನಿಯಮದಾಗ ಐತಿ.”

“ಇದೆ, ಇದೆ,” ಎಂದರು ಅಧಿಕಾರಿ. ನಿಯಮ ಗೊತ್ತಿಲ್ಲದಿದ್ದರೂ ಇದೆಯೆನ್ನುವುದು ಅವರಿಗೆ ಸುಲಭವಾಗಿತ್ತು. ನಿಯಮ ನಿಜಕ್ಕೂ ಇತ್ತು, ಯಾರೂ ಕೇಳುತ್ತಿರಲಿಲ್ಲ ಅಷ್ಟೇ.

“ಹೆಣ್ಮಕ್ಕಳು ಅಂಗಳದಾಗ ಚಾ ಕುಡೀಲಿ. ನಾವು ನಾಲ್ಕ ಮಂದಿ ಸಾಕು,” ಎಂದಳು.

ಕೆಲಸ ನಿಲ್ಲುತ್ತದೆಂದು ಚಂಬಣ್ಣ ಗೊಣಗಿದ, ಆದರೆ ಸಾಹೇಬರ ಮುಂದೆ ಇಲ್ಲವೆನ್ನಲು ಆಗಲಿಲ್ಲ. ಹೆಂಗಸರು ಸೆರಗು ಕೊಡವುತ್ತ ಹೊರಗೆ ಹೋದರು. ಜೈತುನಬಿ ಎಲ್ಲರಿಗಿಂತ ಕೊನೆಗೆ ಹೋದಳು, ಹೋಗುವಾಗ ಕಲ್ಲವ್ವನ ಶೇಗಡಿಯನ್ನು ಹಾಲಿನ ನಡುವೆ ಇಟ್ಟು ಹೋದಳು. ಹರಿದ ಗೋಣಿಯ ಮೇಲೆ ಇದ್ದಿಲು ನಿಗಿನಿಗಿ ಎನ್ನುತ್ತಿತ್ತು. ಬಾಗಿಲು ಮುಚ್ಚಿ ಅಯಸ್ಕಾಂತ ಟಕ್ಕೆಂದು ಹಿಡಿದುಕೊಂಡಿತು.

“ಅಮಾಸಿ ಹೆಂಗೂ ಐತಿ. ದೃಷ್ಟಿ ನೀವ ತಗೀರಿ ಸಾವ್ಕಾರ್ರ,” ಎಂದು ನೀಲಗಂಗಾ ಬುಟ್ಟಿ ಮುಂದೆ ಹಿಡಿದಳು.

ಕೌಸ್ತುಭನಿಗೆ ಅರ್ಥವಾಯಿತು. ಶೇಗಡಿಯಿಂದ ಎರಡು ಹೆಜ್ಜೆ ಹಿಂದೆ ಸರಿದ. ಮೊನ್ನೆ ಕಂಟ್ರೋಲ್ ರೂಮಿನಲ್ಲಿ ತಾನು ಸುಟ್ಟದ್ದು ಒಂದೇ ಒಂದು ಮೆಣಸಿನಕಾಯಿ ಎಂದು ಅವನಿಗೆ ನೆನಪಿರಬೇಕು.

ಚಂಬಣ್ಣ ಟೊಪ್ಪಿಗೆ ತೆಗೆದು, ಸಂಭ್ರಮದಿಂದಲೇ ಬೊಗಸೆ ತುಂಬ ಮೆಣಸಿನಕಾಯಿ ತೆಗೆದುಕೊಂಡು ಸುತ್ತಲೂ ಇದ್ದ ಕೆಂಪು ರಾಶಿಗಳಿಗೆ ತೋರಿಸಿ ಕೆಂಡಕ್ಕೆ ಸುರಿದ. ಘಾಟು ಭಗ್ಗನೆದ್ದಿತು. “ಎದ್ದಿತು ನೋಡ್ರಿ ಸಾಹೇಬ್ರ! ದೃಷ್ಟಿ ಇಲ್ಲ, ಏನೂ ಇಲ್ಲ!” ಎಂದು ಕೆಮ್ಮುತ್ತಲೇ ನಕ್ಕ.

“ಇನ್ನೊಂದು ಬೊಗಸಿ,” ಎಂದು ನೀಲಗಂಗಾ ಉಳಿದದ್ದನ್ನು ತಾನೇ ಸುರಿದಳು.

ಹೊಗೆ ಚಾವಣಿ ಮುಟ್ಟಿ, ಸುತ್ತಿ, ಕೆಳಗಿಳಿಯಿತು. ಅಧಿಕಾರಿ ಕರವಸ್ತ್ರ ಹುಡುಕುವಷ್ಟರಲ್ಲಿ ಬಗ್ಗಿ ಮೊಣಕಾಲು ಹಿಡಿದುಕೊಂಡರು. ಕಣ್ಣು ತೆರೆಯಲು ಯಾರಿಂದಲೂ ಆಗುತ್ತಿರಲಿಲ್ಲ. ಉಸಿರು ಎಳೆದರೆ ಎದೆಯೊಳಗೆ ಉರಿ, ಎಳೆಯದಿದ್ದರೆ ತಲೆ ಸುತ್ತು. ಮೇಲೆ ಮೂಗು ಹಸಿರಾಗಿ ಮಿನುಗುತ್ತಿತ್ತು.

“ತೆರೆ! ಬಾಗಿಲು ತೆರೆ!” ಕೌಸ್ತುಭ ಅದಕ್ಕೆ ಕೂಗಿ ಹೇಳಿದ. ಅದನ್ನು ಕಟ್ಟಿದವನ ದನಿಯೇ ಅದು.

ಮೂಗು ತನ್ನ ಸವಿಯಾದ ದನಿಯಲ್ಲಿ ಉತ್ತರಿಸಿತು: “ಎಲ್ಲವೂ ಕ್ಷೇಮ. ದಯವಿಟ್ಟು ಕೆಲಸ ಮುಂದುವರಿಸಿ.”

ಚಂಬಣ್ಣ ಬಾಗಿಲಿಗೆ ಓಡಿದ. ಹಿಡಿಕೆ ಹುಡುಕಿದ, ಹಿಡಿಕೆ ಇರಲಿಲ್ಲ. ಅದನ್ನು ತೆಗೆಸಿದವನು ಅವನೇ. ಎರಡೂ ಕೈಯಿಂದ ಬಡಿದ. “ತಗೀರಲೇ! ನಾನ್ ಒಳಗ ಅದೀನಿ! ತಗೀರಿ!” ಹೊರಗಿನ ಕಾವಲಿನವರಿಗೆ ಸಾಹುಕಾರನೇ ಕೊಟ್ಟ ಆಜ್ಞೆ ಬಾಯಿಪಾಠವಾಗಿತ್ತು. ಒಳಗಿನಿಂದ ಯಾರೇ ಬಡಿದರೂ ಪಾಳಿ ಮುಗಿಯದೆ ತೆಗೆಯುವ ಹಾಗಿಲ್ಲ.

“ಸಾವ್ಕಾರ್ರ, ಇಲ್ಲೆ!” ನೀಲಗಂಗಾ ಕೂಗಿದಳು. ಅವಳ ಕಣ್ಣು ಮೂಗು ಎಲ್ಲ ಸೋರುತ್ತಿದ್ದವು, ಮಾತು ಅರ್ಧಂಬರ್ಧ ಹೊರಡುತ್ತಿತ್ತು, ಆದರೆ ಅವಳ ಬೆನ್ನು ಗೋಡೆಗಿತ್ತು. ಬೆನ್ನ ಪಕ್ಕದಲ್ಲಿ ಕೆಂಪು ಡಬ್ಬಿಯಿತ್ತು. ತಾನೇ ಒಡೆಯಬಹುದಿತ್ತು. ಚಂಬಣ್ಣ ತಡಕಾಡಿ ಅಲ್ಲಿಗೆ ಬರುವಷ್ಟು ಹೊತ್ತು ಮಾತ್ರ ಕಾಯುವೆ, ಅದಕ್ಕಿಂತ ಒಂದು ಉಸಿರೂ ಹೆಚ್ಚು ಬೇಡ ಎಂದು ಹಲ್ಲು ಕಚ್ಚಿ ನಿಂತಳು.

ಚಂಬಣ್ಣ ಗೋಡೆ ತಡವುತ್ತ ಬಂದ. ಅವನ ಬೆರಳಿಗೆ ಗಾಜು ಸಿಕ್ಕಿತು. ಯೋಚಿಸಲಿಲ್ಲ. ಉಂಗುರಗಳ ಮುಷ್ಟಿಯಿಂದ ಗುದ್ದಿದ.

ಟಕ್.

ಬಾಗಿಲು ಬಿಟ್ಟುಕೊಂಡಿತು. ಬೆಳಕು, ಗಾಳಿ, ಹೆಂಗಸರ ಗದ್ದಲ ಎಲ್ಲ ಒಟ್ಟಿಗೆ ಒಳಗೆ ನುಗ್ಗಿದವು. ನಾಲ್ವರೂ ಒಬ್ಬರ ಮೇಲೊಬ್ಬರು ಬೀಳುತ್ತ ಅಂಗಳಕ್ಕೆ ಬಂದು ಬಗ್ಗಿದರು. ಜೈತುನಬಿ ನೀರಿನ ಕೊಡ ಸಿದ್ಧವಿಟ್ಟುಕೊಂಡೇ ನಿಂತಿದ್ದಳು. ಮೊದಲು ಅಧಿಕಾರಿಗೆ, ಆಮೇಲೆ ಸಾಹುಕಾರನಿಗೆ ಮುಖ ತೊಳೆಯಲು ನೀರು ಹೊಯ್ದಳು. ಯಾರೋ ಒಬ್ಬಳು ಕಿಸಕ್ಕೆಂದಳು, ಆಮೇಲೆ ಅಂಗಳವೆಲ್ಲ ನಕ್ಕಿತು.

ಕೌಸ್ತುಭ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಕೆಮ್ಮಿದ. “ಎಲ್ಲವನ್ನೂ ಮರೆಸಿ ಮೊದಲಿನಿಂದ ಕಲಿಸಬಲ್ಲೆ,” ಎಂದ ಕೊನೆಗೆ. “ಆದರೆ ಅದು ಆಮೇಲೆ ಏನೇನು ಕಲಿಯುತ್ತದೆಯೋ ನನಗೆ ಗೊತ್ತಿಲ್ಲ. ನಾನೇ ಕಟ್ಟಿದವನು. ನನಗೇ ಗೊತ್ತಿಲ್ಲ.”

“ಅದಕ್ಕ ನಾ ಆ ಡಬ್ಬಿ ಬಿಡವಲ್ಲೆ,” ಎಂದಳು ನೀಲಗಂಗಾ. “ಅದಕ್ಕ ಏನೂ ಕಲಿಯಾಕ ಬರಂಗಿಲ್ಲ. ಯಾರು ಒಡದ್ರೂ ತಗೀತೈತಿ. ನಿಮ್ಮ ಅಪ್ಪಾರಿಗೆ ಡಬ್ಬಿ ಮೋಸಾ ಮಾಡಲಿಲ್ರಿ, ಅದರ ಮುಂದ ಪೆಟ್ಟಿಗಿ ಒಟ್ಟಿದವ್ರು ಮಾಡಿದ್ರು.”

ಕೌಸ್ತುಭ ಅವಳ ಮುಖ ನೋಡಿದ. ಹೌದೆನ್ನಲಿಲ್ಲ, ಆದರೆ ಈ ಸಲ ಮುಖ ತಿರುಗಿಸಲೂ ಇಲ್ಲ.

ಚಂಬಣ್ಣನಿಗೆ ಉಸಿರು ತಿರುಗಿ ಬಂದಾಗ ಸಿಟ್ಟೂ ಬಂತು. ಹೆಂಗಸರೆಲ್ಲ ನೋಡುತ್ತಿದ್ದರಲ್ಲ, ಅದಕ್ಕೆ ಇನ್ನಷ್ಟು ಬಂತು. “ನಾಳಿಂದ ಈ ಗೇಟಿನೊಳಗ ಕಾಲಿಡಬ್ಯಾಡ! ಬ್ಯಾರೆ ಇಂಜಿನಿಯರ್ ಬರ್ತಾನ, ಕೈ ಇಡ್ತಾನ, ಡಬ್ಬಿ ಕೀಳ್ತಾನ. ಏನ್ ಮಾಡ್ಕೋತೀ ಮಾಡ್ಕೋ ಹೋಗು!”

“ನಾ ಏನೂ ಮಾಡಂಗಿಲ್ರಿ,” ಎಂದಳು ನೀಲಗಂಗಾ.

ಉತ್ತರ ಕೊಟ್ಟವಳು ಜೈತುನಬಿ. ಖಾಲಿ ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡು ಮುಂದೆ ಬಂದಳು. “ಕರಸ್ರಿ ಸಾವ್ಕಾರ್ರ. ಯಾರ ಬಂದ್ರೂ ಮೊದ್ಲ ಒಳಗ ನಿಂದ್ರಿಸ್ತೇವಿ. ಈ ಶೇಗಡಿ ಇಲ್ಲೇ ಇರ್ತೈತಿ. ಅಲ್ಲೀತನಾ ನಾವ್ಯಾರೂ ಒಳಗ ಬರಂಗಿಲ್ಲ.”

ಹೆಂಗಸರು ಅಂಗಳದಲ್ಲಿಯೇ ಕೂತುಬಿಟ್ಟರು.

ಸೀಜನ್ನಿನ ಮೆಣಸಿನಕಾಯಿ ಲಾರಿಗಳು ಗೇಟಿನ ಹೊರಗೆ ಸಾಲುಗಟ್ಟಿದವು. ಒಳಗೆ ತೊಟ್ಟು ಮುರಿಯುವವರಿಲ್ಲ. ಚಂಬಣ್ಣ ಬೈದ, ಪುಸಲಾಯಿಸಿದ, ಬೇರೆ ಊರಿನಿಂದ ಕೆಲಸದವರನ್ನು ಕರೆಸಿದ. ಬಂದವರು ಅಂಗಳದಲ್ಲಿ ಕೂತವರ ಮಾತು ಕೇಳಿ, ಮೂಗಿನ ಬಳಿಗೆ ಹೋಗದೆ, ಅವರ ಪಕ್ಕದಲ್ಲಿಯೇ ಕೂತರು. ನೀಲಗಂಗಾಳಿಗೆ ಆಫೀಸಿನಿಂದ ನಾಳೆಯಿಂದ ಬರುವುದು ಬೇಡ ಎಂದು ಫೋನು ಬಂತು. ಅವಳು ದಿನವೂ ಗೇಟಿನ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಹೋಗಿ ಕೂರತೊಡಗಿದಳು. ಗೇಟಿನೊಳಗೆ ಕಾಲಿಡಬೇಡ ಎಂದಿದ್ದ ಚಂಬಣ್ಣ, ಬೆಂಚಿನ ವಿಷಯ ಹೇಳಿರಲಿಲ್ಲ.

ಹೊಸ ಇಂಜಿನಿಯರು ದಾವಣಗೆರೆಯಿಂದ ಬಂದ. ಇನ್ನೂ ಇಸ್ತ್ರಿ ಮಾಸದ ಅಂಗಿ, ಕೈಯಲ್ಲಿ ಹೊಸ ಚೀಲ. ಚಂಬಣ್ಣ ತಾನೇ ಹೆಗಲ ಮೇಲೆ ಕೈ ಹಾಕಿ ಕಂಟ್ರೋಲ್ ರೂಮಿನ ಕಡೆ ಕರೆದುಕೊಂಡು ಹೊರಟ. ಹಾಲಿನ ಬಾಗಿಲಲ್ಲಿ ಜೈತುನಬಿ ನಿಂತಿದ್ದಳು. ಕಾಲ ಬಳಿ ಶೇಗಡಿ, ಕೈಯಲ್ಲಿ ಬುಟ್ಟಿ, ಹಿಂದೆ ಹೆಂಗಸರ ಸಾಲು.

“ಬರ್ರಿ ಸಾಹೇಬ್ರ,” ಎಂದು ಅವಳು ಬಹಳ ಮರ್ಯಾದೆಯಿಂದ ಕರೆದಳು. “ಒಳಗ ಬರ್ರಿ. ಬಾಗ್ಲ ಹಾಕ್ತೇವಿ. ನೀವು ಕೈ ಇಡಾಕ ಬಂದೀರಲ್ಲ, ಮೊದ್ಲ ಒಂದೀಟು ಉಸಿರಾಡಿ ನೋಡ್ರಿ.”

ಆ ಹುಡುಗ ಕೆಂಡದ ಕಡೆ ನೋಡಿದ, ಬುಟ್ಟಿಯ ಕಡೆ ನೋಡಿದ, ಚಾವಣಿಯ ಹಸಿರು ಗುಂಡಿನ ಕಡೆ ನೋಡಿದ. ಆಮೇಲೆ ಗೋಡೆಯ ಮೇಲೆ ಗಾಜಿಲ್ಲದೆ ಬಾಯಿ ತೆರೆದುಕೊಂಡಿದ್ದ ಕೆಂಪು ಡಬ್ಬಿಯನ್ನು ನೋಡಿದ.

“ಇದನ್ನ ಒಡೆದೋರು ಯಾರು?” ಎಂದು ಕೇಳಿದ.

“ನಿಮ್ಮ ಹೆಗಲ ಮ್ಯಾಲ ಕೈ ಹಾಕ್ಯಾರಲ್ಲ, ಅವರ,” ಎಂದಳು ಜೈತುನಬಿ.

ರಸ್ತೆಯ ಆಚೆಯಿಂದ ನೀಲಗಂಗಾಳಿಗೆ ಮಾತು ಕೇಳಿಸುತ್ತಿರಲಿಲ್ಲ. ಚಂಬಣ್ಣ ಹುಡುಗನ ಹೆಗಲಿನಿಂದ ಕೈ ತೆಗೆದದ್ದು ಕಾಣಿಸಿತು. ಹುಡುಗ ಹೊಸ ಚೀಲವನ್ನು ನೆಲಕ್ಕಿಟ್ಟು, ಎರಡೂ ಕೈಗಳನ್ನು ಪ್ಯಾಂಟಿನ ಜೇಬಿನೊಳಗೆ ಇಳಿಸಿಕೊಂಡ.

ನೀಲಗಂಗಾ ಚಹಾದ ಲೋಟ ಕೆಳಗಿಟ್ಟು, ತನ್ನ ಚೀಲದಿಂದ ಡಬ್ಬಿಯ ಹೊಸ ಗಾಜನ್ನು ತೆಗೆದುಕೊಂಡು ರಸ್ತೆ ದಾಟಿದಳು.